ರವೆಲ್ಲೋ: ರಾಜನಿಗೆ ಸಾಲ ಕೊಟ್ಟವರ ಮನೆ

ಇಟಲಿಯ ಅಮಾಲ್ಫಿಗೆ ಹೋದವರು ಬಸ್ಸು ಹತ್ತಿ ಗುಡ್ಡದ ಮೇಲಿನ ರವೆಲ್ಲೋ ನೋಡಿ ಬರುವುದು ರೂಢಿ. ನಾವೂ ಹೋಗಿದ್ದೆವು. ವಿಲ್ಲಾ ರುಫೋಲೋದ ಹೂದೋಟದಲ್ಲಿ ಎಲ್ಲರದ್ದೂ ಫೋಟೋ ಸಂಭ್ರಮ. 1880ರಲ್ಲಿ ಇಲ್ಲಿಗೆ ಬಂದ ಜರ್ಮನ್ ಸಂಗೀತಗಾರ ವಾಗ್ನರ್, ತನ್ನ ‘ಪಾರ್ಸಿಫಾಲ್’ ಆಪೆರಾದ ಮಾಯಾತೋಟ ಸಿಕ್ಕಿತೆಂದು ಹಿಗ್ಗಿದನಂತೆ. ಬ್ಯಾಂಕಿನವನಾದ ನನಗೆ ಮಾತ್ರ ಹೂವಿಗಿಂತ ಆ ಮನೆಯವರ ಲೆಕ್ಕಾಚಾರವೇ ಕುತೂಹಲ.

13ನೇ ಶತಮಾನದಲ್ಲಿ ರುಫೋಲೋ ಮನೆತನ ವ್ಯಾಪಾರ, ಲೇವಾದೇವಿ, ರಾಜನ ತೆರಿಗೆ ವಸೂಲಿ ಎಲ್ಲದರಲ್ಲೂ ಇತ್ತು. 1272ರಲ್ಲಿ ನಿಕೋಲಾ ರುಫೋಲೋ ಊರ ಚರ್ಚಿಗೆ ಮಾಡಿಸಿಕೊಟ್ಟ ಉಪದೇಶ ಪೀಠ ಇಂದಿಗೂ ಇದೆ. ಅದಕ್ಕೆ ಆರು ಕಂಬ, ಕಂಬಗಳನ್ನು ಹೊತ್ತು ನಿಂತ ಅಮೃತಶಿಲೆಯ ಸಿಂಹಗಳು. ನೇಪಲ್ಸಿನಿಂದ ಆಳುತ್ತಿದ್ದ ಒಂದನೇ ಚಾರ್ಲ್ಸ್ ದೊರೆ ಮತ್ತೇಯೋ ರುಫೋಲೋ ಮುಂತಾದವರಿಂದ ಸಾಲ ಪಡೆದಾಗ ಅಡಮಾನ ಇಟ್ಟಿದ್ದು ತನ್ನ ಕಿರೀಟವನ್ನೇ!

ಅದಕ್ಕಿಂತ ಗಟ್ಟಿ ಭದ್ರತೆ ಬೇಕೇ ಅನ್ನುತ್ತೀರಾ? 1282ರಲ್ಲಿ ಸಿಸಿಲಿ ದೊರೆಯ ವಿರುದ್ಧ ದಂಗೆಯೆದ್ದಿತು. ಮರುವರ್ಷ ಯುವರಾಜ, ತೆರಿಗೆ ವಸೂಲಿಯಲ್ಲಿ ಅಕ್ರಮದ ಆರೋಪ ಹೊರಿಸಿ ಮತ್ತೇಯೋನನ್ನೂ ಮಗ ಲೊರೆಂಜೋನನ್ನೂ ಸೆರೆಹಿಡಿಸಿದ. ಲೊರೆಂಜೋಗೆ ಮರಣದಂಡನೆಯಾಯಿತು.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅದೇ. ಸಾಲ ಕೊಡುವಾಗ ನಾವು ಅಡಮಾನದ ಬೆಲೆ ನೋಡುತ್ತೇವೆ. ಸಾಲಗಾರನ ಸೊಂಟದಲ್ಲಿ ಕತ್ತಿ ಇದೆಯೇ ಅಂತಲೂ ನೋಡಬೇಕು. ರವೆಲ್ಲೋಗೆ ಹೋದರೆ ತೋಟದಲ್ಲಿ ಫೋಟೋ ತೆಗೆಸಿಕೊಳ್ಳಿ, ಆದರೆ ಆ ಹಳೇ ಗೋಡೆಗಳನ್ನೂ ಒಮ್ಮೆ ನಿಂತು ನೋಡಿ.