ಎಲೆಕ್ಟ್ರಿಕ್ ಬೇಸ್ ಗಿಟಾರ್: ಪಿಕಪ್‌ಗಳು ಮತ್ತು ನಾದದ ಇತಿಹಾಸ

ಎಲೆಕ್ಟ್ರಿಕ್ ಬೇಸ್ ಗಿಟಾರ್ ರಾಕ್, ಸೋಲ್, ಫಂಕ್ ಸಂಗೀತದಲ್ಲಿ ಮಂದ್ರಸ್ಥಾಯಿಯನ್ನು ನಿಭಾಯಿಸುವ ವಾದ್ಯ. ಸಾಮಾನ್ಯವಾಗಿ ಇದಕ್ಕೆ ನಾಲ್ಕು ತಂತಿಗಳು. ಶ್ರುತಿ ಕ್ರಮವಾಗಿ ಇ, ಎ, ಡಿ, ಜಿ. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಕಂಪನವನ್ನು ವಿದ್ಯುತ್ತಾಗಿ ಬದಲಾಯಿಸಿ ಆಂಪ್ಲಿಫೈಯರಿಗೆ ದಾಟಿಸುವ ಭಾಗವೇ ಪಿಕಪ್. ಇಂದು ‘ವಿಂಟೇಜ್’ ಎನ್ನಿಸಿಕೊಳ್ಳುವ ನಾದಗಳೆಲ್ಲ ಹೆಚ್ಚುಕಡಿಮೆ 1951ರಿಂದ 1976ರೊಳಗೆ ರೂಪುಗೊಂಡ ಬೆರಳೆಣಿಕೆಯ ವಿನ್ಯಾಸಗಳಿಂದ ಬಂದವು. ಆ ವಿನ್ಯಾಸಗಳಲ್ಲಿ ಹಲವು ಯಾವುದೋ ತೊಂದರೆಯನ್ನು ನಿವಾರಿಸಲು ಮಾಡಿದ ಏರ್ಪಾಡುಗಳು. ಗುಂಯ್‌ಗುಡುವ ಪಿಕಪ್, ಹರಿದುಹೋಗುವ ಸ್ಪೀಕರ್, ಶ್ರುತಿ ತಪ್ಪುವ ಬೆರಳು ಇವುಗಳಿಗೆ ಮದ್ದು ಹುಡುಕಿದವರಿಗೆ ಹೊಸ ನಾದ ಜೊತೆಯಲ್ಲೇ ಸಿಕ್ಕಿತು.

ಪಿಕಪ್ ಕೆಲಸ ಮಾಡುವ ಬಗೆ

ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ಪಿನ ಮೂಲರೂಪ ಸಿದ್ಧ. ಹಳೆಯ ಫೆಂಡರ್ ಪಿಕಪ್‌ಗಳಲ್ಲಿ ಅಯಸ್ಕಾಂತ ಆಲ್ನಿಕೋ, ಅಂದರೆ ಅಲ್ಯೂಮಿನಿಯಂ, ನಿಕ್ಕೆಲ್, ಕೋಬಾಲ್ಟ್ ಸೇರಿದ ಮಿಶ್ರಲೋಹ. ತಂತಿ 42 ಗೇಜಿನದು. ಮೇಲೆ ಬಿಗಿದ ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಏರಿಳಿದು ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಸುತ್ತು ಹೆಚ್ಚಿದಷ್ಟೂ ಸದ್ದು ಹೆಚ್ಚು, ಆದರೆ ತಾರದ ಮಿನುಗು ಅಷ್ಟೇ ಕಡಿಮೆ. ಹಾಗಾಗಿ ಮಾರಾಟಗಾರರು ಮುದ್ರಿಸುವ ಓಮ್ ಲೆಕ್ಕವೊಂದರಿಂದಲೇ ಪಿಕಪ್ಪಿನ ಗುಣ ಹೇಳಲಾಗದು. ಸುರುಳಿಯ ಎತ್ತರ, ಅಗಲ, ಸುತ್ತಿದ ಬಿಗಿ, ಅಯಸ್ಕಾಂತದ ಬಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇವುಗಳಷ್ಟೇ ಮುಖ್ಯವಾದದ್ದು ಪಿಕಪ್ ಕೂತ ಜಾಗ. ಮೀಟಿದ ತಂತಿಯಲ್ಲಿ ಮೂಲಸ್ವರದ ಜೊತೆ ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಹಾರ್ಮೋನಿಕ್ ಸ್ವರಗಳೂ ಇರುತ್ತವೆ. ಪ್ರತಿ ಹಾರ್ಮೋನಿಕ್‌ಗೂ ತಂತಿ ಅಲುಗಾಡದ ಬಿಂದುಗಳಿವೆ. ತಂತಿಗಳು ಒಡಲಿನ ಮೇಲೆ ಕೂರುವ ಬ್ರಿಡ್ಜಿನಿಂದ ತಂತಿಯ ಕಾಲು ಭಾಗದಷ್ಟು ದೂರದಲ್ಲಿ ಪಿಕಪ್ ಇಟ್ಟರೆ, ಖಾಲಿ ತಂತಿಯ ನಾಲ್ಕನೆಯ ಹಾರ್ಮೋನಿಕ್ ಅದಕ್ಕೆ ಸಿಕ್ಕುವುದೇ ಇಲ್ಲ. ನೆಕ್ಕಿನ ಬಳಿ ತಂತಿಯ ತೂಗಾಟ ದೊಡ್ಡದು, ಆದ್ದರಿಂದ ನಾದ ದುಂಡಗೆ; ಬ್ರಿಡ್ಜಿನ ಬಳಿ ತೂಗಾಟ ಕಿರಿದು, ಮೂಲಸ್ವರ ಸೊರಗಿ ಮೇಲಿನ ಸ್ವರಗಳು ಮುಂದೆ ಬರುತ್ತವೆ. ಒಂದೇ ಪಿಕಪ್ಪನ್ನು ಎರಡು ಅಂಗುಲ ಸರಿಸಿದರೂ ಬೇಸ್ ಬೇರೆಯದೇ ಆಗಿ ಕೇಳುವುದು ಇದರಿಂದ.

ಪ್ರಿಸಿಷನ್: 1951, 1957

ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಪಟ್ಟಿ) ಇರುವ ಗಟ್ಟಿ ಒಡಲಿನ ಎಲೆಕ್ಟ್ರಿಕ್ ಬೇಸನ್ನು ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಆಡಿಯೋವಾಕ್ಸ್ ಹೆಸರಿನಲ್ಲಿ ಮಾರಿದ್ದರು. ಅದು ಬಹುಬೇಗ ಮರೆತುಹೋಯಿತು. ಮಾರುಕಟ್ಟೆಯಲ್ಲಿ ನಿಂತದ್ದು ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್. ಆಗಿನ ವಾದ್ಯಮೇಳಗಳಲ್ಲಿ ಆಳೆತ್ತರದ ಡಬಲ್ ಬೇಸನ್ನು ಕಾರಿನ ಮೇಲೆ ಹೇರಿಕೊಂಡು ತಿರುಗಬೇಕಿತ್ತು. ಡ್ರಮ್ಸ್, ಹಿತ್ತಾಳೆ ವಾದ್ಯಗಳ ನಡುವೆ ಅದರ ಸದ್ದು ಕೇಳುತ್ತಲೂ ಇರಲಿಲ್ಲ. ಫ್ರೆಟ್ ಇಲ್ಲದ್ದರಿಂದ ಬೆರಳು ಕೂದಲೆಳೆ ಸರಿದರೂ ಶ್ರುತಿ ಕೆಡುತ್ತಿತ್ತು. ಫೆಂಡರ್ 34 ಅಂಗುಲದ ಸ್ಕೇಲಿಗೆ (ತಂತಿಯ ಕಂಪಿಸುವ ಉದ್ದಕ್ಕೆ) 20 ಫ್ರೆಟ್‌ಗಳನ್ನು ಕೂರಿಸಿದರು. ಸ್ವರ ಕರಾರುವಾಕ್ಕಾಗಿ ಬರುವ ವಾದ್ಯವೆಂದು ಅದಕ್ಕೆ ಪ್ರಿಸಿಷನ್ ಎಂದು ಹೆಸರಿಟ್ಟರು. ಲಯನಲ್ ಹ್ಯಾಂಪ್ಟನ್ ತಂಡದಲ್ಲಿ ಮಾಂಕ್ ಮಾಂಟ್ಗಮರಿ ಅದನ್ನು ನುಡಿಸತೊಡಗಿದಾಗ ಜಾಝ್ ವಲಯದಲ್ಲೂ ಅದು ಕಣ್ಣಿಗೆ ಬಿತ್ತು.

ಮೊದಲ ಪ್ರಿಸಿಷನ್‌ನಲ್ಲಿದ್ದದ್ದು ಒಂದೇ ಸುರುಳಿಯ ಸಣ್ಣ ಪಿಕಪ್. ಪ್ರತಿ ತಂತಿಯ ಕೆಳಗೂ ನೇರವಾಗಿ ಒಂದೊಂದು ಅಯಸ್ಕಾಂತ. ಅದರ ನಾದ ತೆರೆದದ್ದು, ಸ್ವಲ್ಪ ಒರಟು, ಹೊಡೆತ ಚೂಪು. ಆ ಚೂಪೇ ಆ ಕಾಲದ ಸ್ಪೀಕರ್‌ಗಳ ಕಾಗದದ ಕೋನಿಗೆ ಕುತ್ತು ತರುತ್ತಿತ್ತು. ಜೊತೆಗೆ, ಸುರುಳಿ ಒಂದೇ ಇದ್ದರೆ ಅದು ಸುತ್ತಲಿನ ವಿದ್ಯುತ್ ಸಾಧನಗಳ ಗುಂಯ್‌ಗಾಟವನ್ನೂ ಹೀರಿಕೊಳ್ಳುತ್ತದೆ.

1957ರ ಬದಲಾವಣೆ ಈ ಎರಡು ಕಾಯಿಲೆಗೂ ಒಂದೇ ಗುಳಿಗೆ ಕೊಟ್ಟಿತು. ಪಿಕಪ್ಪನ್ನು ಎರಡು ಹೋಳು ಮಾಡಿ, ಇ ಮತ್ತು ಎ ತಂತಿಗಳಿಗೆ ಒಂದು, ಡಿ ಮತ್ತು ಜಿ ತಂತಿಗಳಿಗೆ ಇನ್ನೊಂದು ಸುರುಳಿ ಇಟ್ಟರು. ಎರಡರ ಸುತ್ತೂ ಕಾಂತಧ್ರುವವೂ ಪರಸ್ಪರ ವಿರುದ್ಧವಾದ್ದರಿಂದ ಗುಂಯ್‌ಗಾಟ ಒಂದನ್ನೊಂದು ಹೊಡೆದುಹಾಕುತ್ತದೆ, ಸ್ವರ ಉಳಿಯುತ್ತದೆ. ತಂತಿಯ ಅಡಿಯಲ್ಲಿ ನೆಟ್ಟಗೆ ಒಂದು ಅಯಸ್ಕಾಂತದ ಬದಲು ಅದರ ಎರಡೂ ಮಗ್ಗುಲಿಗೆ ಒಂದೊಂದು ಬಂದದ್ದರಿಂದ ಹೊಡೆತದ ಚೂಪು ತಗ್ಗಿತು. ಇ-ಎ ಹೋಳು ನೆಕ್ಕಿನ ಕಡೆಗೂ ಡಿ-ಜಿ ಹೋಳು ಬ್ರಿಡ್ಜಿನ ಕಡೆಗೂ ಸರಿದಿವೆ. ಹೀಗಾಗಿ ದಪ್ಪ ತಂತಿಗಳು ದುಂಡಗೆ, ತೆಳು ತಂತಿಗಳು ಬಿಗಿಯಾಗಿ ಕೇಳುತ್ತವೆ. ದಪ್ಪ ತಂತಿಗಳೂ ಬಿಗಿಯಾಗಿ ಕೇಳಲೆಂದು ಕೆಲವು ತಯಾರಕರು ಆಮೇಲೆ ಈ ಕ್ರಮವನ್ನು ತಿರುಗುಮುರುಗು ಮಾಡಿದ್ದೂ ಉಂಟು. ಕೆಳ-ಮಧ್ಯದ ಸ್ವರಗಳು ಉಬ್ಬಿದ ಈ ನಾದ ಬಿಡಿಯಾಗಿ ಕೇಳಿದರೆ ಸಪ್ಪೆ ಎನ್ನಿಸಬಹುದು. ಡ್ರಮ್ಸ್, ಗಿಟಾರು, ಹಾಡಿನ ನಡುವೆ ಇಟ್ಟರೆ ತನ್ನ ಜಾಗ ತಾನೇ ಹಿಡಿಯುತ್ತದೆ.

ಹಳೆಯ ಒಂಟಿ ಸುರುಳಿ ಪೂರ್ತಿ ಮಾಯವಾಗಲಿಲ್ಲ. 1968ರಲ್ಲಿ ಫೆಂಡರ್ ಅದನ್ನು ಟೆಲಿಕಾಸ್ಟರ್ ಬೇಸ್ ಎಂದು ಮತ್ತೆ ಮಾರುಕಟ್ಟೆಗೆ ಬಿಟ್ಟಿತು. 1972ರಲ್ಲಿ ಆ ಮಾದರಿಗೂ ಹಂಬಕರ್, ಅಂದರೆ ಎರಡು ಸುರುಳಿಗಳಿಂದ ಗುಂಯ್‌ಗಾಟ ಅಡಗಿಸುವ ಪಿಕಪ್, ಬಂತು. ಗಿಬ್ಸನ್‌ಗೆ ಹಂಬಕರ್ ರೂಪಿಸಿಕೊಟ್ಟಿದ್ದ ಸೇತ್ ಲವರ್ ಅಷ್ಟರಲ್ಲಿ ಫೆಂಡರ್ ಸೇರಿದ್ದರು.

ಗಿಬ್ಸನ್, ಹಾಫ್ನರ್, ರಿಕನ್‌ಬ್ಯಾಕರ್

ಗಿಬ್ಸನ್ 1953ರಲ್ಲಿ ಪಿಟೀಲಿನ ಆಕಾರದ ಬೇಸ್ ತಂದಿತು. ಮುಂದೆ ಅದಕ್ಕೆ ಇಬಿ-1 ಎಂಬ ಹೆಸರಾಯಿತು. ಸ್ಕೇಲು 30.5 ಅಂಗುಲ, ದೊಡ್ಡ ಪಿಕಪ್ ನೆಕ್ಕಿಗೆ ಅಂಟಿಕೊಂಡಂತೆ. ಫಲವಾಗಿ ನಾದದಲ್ಲಿ ಮೂಲಸ್ವರವೇ ತುಂಬಿಕೊಂಡು ಮೇಲಿನ ವಿವರ ಮಸುಕಾಯಿತು. ವಾದಕರ ಬಾಯಲ್ಲಿ ಈ ಬಗೆಯ ಪಿಕಪ್ಪಿಗೆ ‘ಮಡ್‌ಬಕರ್’ ಎಂಬ ಅಡ್ಡಹೆಸರು ನಿಂತಿತು. ಆದರೆ 1961ರ ಇಬಿ-3ರಲ್ಲಿ ಬ್ರಿಡ್ಜಿನ ಬಳಿ ಇನ್ನೊಂದು ಸಣ್ಣ ಪಿಕಪ್ ಸೇರಿತು. ಆ ಬೇಸನ್ನು ಸದ್ದು ಒಡೆಯುವಷ್ಟು ಜೋರು ಮಾಡಿದ ಆಂಪ್ಲಿಫೈಯರಿಗೆ ಹೂಡಿ ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ಬೇಸನ್ನು ಮುಂದಿನ ಸಾಲಿಗೆ ತಂದರು.

ಜರ್ಮನಿಯ ಹಾಫ್ನರ್ ಸಂಸ್ಥೆಯ 500/1 ಪಿಟೀಲು ಬೇಸ್ 1950ರ ದಶಕದ ನಡುವಿನದು. ಒಡಲು ಟೊಳ್ಳು, ತೂಕ ಹಗುರ, ಸ್ವರ ಮೆತ್ತಗೆ ಎದ್ದು ಬೇಗ ಆರುತ್ತದೆ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಒಂದನ್ನು ಕೊಂಡರು. ಎಡಗೈ ವಾದಕರಾದ ಅವರಿಗೆ ಅದರ ಎಡಬಲ ಒಂದೇ ಸಮನಾದ ಆಕಾರ ಹಿಡಿಸಿತ್ತು. ಆ ವಾದ್ಯದಲ್ಲಿ ಎರಡೂ ಪಿಕಪ್‌ಗಳು ನೆಕ್ಕಿನ ಬಳಿ ಅಕ್ಕಪಕ್ಕ. 1963ರಲ್ಲಿ ಅವರಿಗೆ ಬಂದ ಇನ್ನೊಂದರಲ್ಲಿ ದೂರದೂರ. 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ವ್ಯಾನಿನಿಂದ ಕಳವಾದ ಮೊದಲನೆಯ ಬೇಸ್ ಪತ್ತೆಯಾಗಿ ಒಡೆಯನ ಕೈ ಸೇರಿದ ಸುದ್ದಿ ಹೊರಬಿದ್ದದ್ದು 2024ರ ಫೆಬ್ರುವರಿಯಲ್ಲಿ.

ಹಾಫ್ನರ್‌ಗೆ ನೇರ ವಿರುದ್ಧ ತುದಿಯಲ್ಲಿ ನಿಲ್ಲುವುದು ರಿಕನ್‌ಬ್ಯಾಕರ್. 1957ರಲ್ಲಿ ರೋಜರ್ ರಾಸ್ಮೈಸ್ಲ್ ವಿನ್ಯಾಸಗೊಳಿಸಿದ 4000 ಮಾದರಿಯಲ್ಲಿ ನೆಕ್ಕಿನ ಮರವೇ ಒಡಲಿನ ಕೊನೆಯವರೆಗೆ ಹಾಯ್ದಿತ್ತು. 1961ರ 4001ಕ್ಕೆ ಎರಡು ಪಿಕಪ್ ಬಂದವು. ಅದರ ಬ್ರಿಡ್ಜ್ ಪಿಕಪ್ಪಿನ ದಾರಿಯಲ್ಲಿ 0.0047 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಕೂತು ಮಂದ್ರವನ್ನು ಸೋಸಿ ತೆಗೆಯುತ್ತಿತ್ತು. ಉಳಿದ ಕಣಕಣ ಸದ್ದು ನೆಕ್ ಪಿಕಪ್ಪಿನ ದಪ್ಪದೊಂದಿಗೆ ಬೆರೆತಾಗ ಹುಟ್ಟಿದ್ದು ಯೆಸ್ ತಂಡದ ಕ್ರಿಸ್ ಸ್ಕ್ವೈರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಲೋಹದ ಮೊನಚು.

ಜಾಝ್ ಬೇಸ್

1960ರಲ್ಲಿ ಫೆಂಡರ್ ಜಾಝ್ ಬೇಸ್ ತಂದಿತು. ನೆಕ್ಕಿನ ತುದಿಯ ಅಗಲ ಪ್ರಿಸಿಷನ್‌ನಲ್ಲಿ ಒಂದೂಮುಕ್ಕಾಲು ಅಂಗುಲವಿದ್ದರೆ ಇಲ್ಲಿ ಒಂದೂವರೆ. ಉದ್ದನೆಯ ಕಿರಿದಾದ ಎರಡು ಒಂಟಿ ಸುರುಳಿ ಪಿಕಪ್‌ಗಳು, ಪ್ರತಿಯೊಂದರಲ್ಲೂ ಎಂಟು ಅಯಸ್ಕಾಂತ. ಎರಡೂ ಪೂರ್ತಿ ತೆರೆದಾಗ ಗುಂಯ್‌ಗಾಟ ಅಡಗುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೆ ಮರಳುತ್ತದೆ.

ಪ್ರಿಸಿಷನ್‌ಗೆ ಒಂದೇ ಮುಖವಾದರೆ ಜಾಝ್ ಬೇಸ್‌ಗೆ ಮೂರು. ನೆಕ್ ಪಿಕಪ್ ಒಂದೇ ಇದ್ದರೆ ಪ್ರಿಸಿಷನ್‌ನ ತೆಳು ತಮ್ಮನಂತೆ ಕೇಳುತ್ತದೆ. ಎರಡೂ ಸೇರಿದಾಗ ಕೆಲವು ಸ್ವರಾಂಶಗಳು ಪರಸ್ಪರ ಕಳೆದುಹೋಗಿ ಮಧ್ಯಭಾಗ ಕುಳಿ ಬೀಳುತ್ತದೆ, ತಳವೂ ತುದಿಯೂ ಎದ್ದು ಕಾಣುತ್ತವೆ. ಬ್ರಿಡ್ಜ್ ಪಿಕಪ್ ಒಂದೇ ಆದರೆ ಮೂಗಿನ ಗುರುಗುಟ್ಟು. ಈ ಕೊನೆಯದನ್ನು ಜಾಕೋ ಪಾಸ್ಟೋರಿಯಸ್ ತಮ್ಮದಾಗಿಸಿಕೊಂಡರು. ಅವರ 1962ರ ಜಾಝ್ ಬೇಸ್‌ಗೆ ಫ್ರೆಟ್‌ಗಳಿರಲಿಲ್ಲ. ಫಿಂಗರ್‌ಬೋರ್ಡಿಗೆ ದೋಣಿಗಳಿಗೆ ಬಳಸುವ ಎಪಾಕ್ಸಿ ಬಳಿದಿದ್ದರು. ಬ್ರಿಡ್ಜ್ ಹತ್ತಿರ ಬೆರಳಿಂದ ಮೀಟಿದ ಆ ಹಾಡುವ ನಾದ 1976ರ ಅವರ ಮೊದಲ ಆಲ್ಬಮ್ಮಿನಲ್ಲಿದೆ.

1970ರ ದಶಕದ ಜಾಝ್ ಬೇಸ್‌ಗಳಲ್ಲಿ ಬ್ರಿಡ್ಜ್ ಪಿಕಪ್ ಅರ್ಧ ಅಂಗುಲಕ್ಕೂ ಕಡಿಮೆ ದೂರ ಹಿಂದೆ ಸರಿಯಿತು. ಇಷ್ಟೇ ಬದಲಾವಣೆಗೆ ‘ಅರವತ್ತರ ನಾದ’, ‘ಎಪ್ಪತ್ತರ ನಾದ’ ಎಂಬ ಎರಡು ಪಂಗಡಗಳಾದವು. ಎಪ್ಪತ್ತರದು ಹೆಚ್ಚು ಗರಿಗರಿ. 1977ರ ಜಾಝ್ ಬೇಸ್ ಹಿಡಿದು ಹೆಬ್ಬೆರಳಿಂದ ತಂತಿಗೆ ಬಡಿಯುವ ಮಾರ್ಕಸ್ ಮಿಲ್ಲರ್ ಅದರ ಮಾದರಿ ವಾದಕ.

ತಂತಿ, ಸ್ಪಂಜು, ಬೆರಳು

ಪಿಕಪ್ ಎಷ್ಟೇ ಹಳೆಯದಿರಲಿ, ಮೇಲಿನ ತಂತಿ ಬೇರೆಯಾದರೆ ಹೋಲಿಕೆ ಕೆಡುತ್ತದೆ. ಡೆಟ್ರಾಯಿಟ್‌ನ ಮೊಟೌನ್ ಸ್ಟುಡಿಯೋದ ಜೇಮ್ಸ್ ಜೇಮರ್ಸನ್ ಇದಕ್ಕೆ ಅತ್ಯುತ್ತಮ ಸಾಕ್ಷಿ. 1962ರ ಪ್ರಿಸಿಷನ್, ಚಪ್ಪಟೆ ಸುತ್ತಿನ ದಪ್ಪ ಲಾ ಬೆಲ್ಲಾ ತಂತಿಗಳು, ಬ್ರಿಡ್ಜಿನ ಲೋಹದ ಮುಚ್ಚಳದ ಕೆಳಗೆ ಸ್ವರವನ್ನು ಬೇಗ ಆರಿಸುವ ಸ್ಪಂಜು, ಎತ್ತರಕ್ಕೆ ಬಿಗಿದ ತಂತಿ, ಮೀಟಲು ಬಲಗೈಯ ತೋರುಬೆರಳು ಒಂದೇ. ತಂತಿ ತುಂಡಾಗುವವರೆಗೆ ಬದಲಿಸುವ ಪದ್ಧತಿ ಅವರಿಗಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಕ್ಯಾರಲ್ ಕೇ ಅದೇ ಪ್ರಿಸಿಷನನ್ನು ಗಟ್ಟಿ ಪಿಕ್‌ನಿಂದ ನುಡಿಸಿ, ಸದ್ದು ಅಡಗಿಸಿ, ಟಕ್ಕೆನ್ನುವ ಬೇರೆಯದೇ ನಾದ ತೆಗೆದರು. ವಾದ್ಯ ಒಂದೇ, ಪಿಕಪ್ ಒಂದೇ.

ದುಂಡು ಸುತ್ತಿನ ತಂತಿ ಬಂದ ಮೇಲೆ ಹಳೆಯ ಪಿಕಪ್‌ಗಳೂ ಹೊಸ ದನಿ ಕಂಡುಕೊಂಡವು. 1966ರ ಸುಮಾರಿಗೆ ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯೊಂದಿಗೆ ಸೇರಿ ಪಿಯಾನೋದ ತಂತಿಯಂತೆ ಝಣಗುಡುವ ಬೇಸ್ ತಂತಿಗಳನ್ನು ರೂಪಿಸಿದರು. ಸ್ಕ್ವೈರ್, ಪಾಸ್ಟೋರಿಯಸ್ ಇಬ್ಬರೂ ಬಳಸಿದ್ದು ಇವನ್ನೇ.

ಬ್ಯಾಟರಿ ಒಳಬಂದ ಮೇಲೆ

1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಅಲೆಂಬಿಕ್ ಸಂಸ್ಥೆ ಪಿಕಪ್ಪಿನ ಸಂಕೇತವನ್ನು ಬಲಪಡಿಸುವ ಪ್ರಿಆಂಪನ್ನು ವಾದ್ಯದೊಳಗೇ ಕೂರಿಸಿತು. ಅದನ್ನು ಎಲ್ಲರ ಕೈಗೆ ತಂದದ್ದು 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ. 1965ರಲ್ಲಿ ತಮ್ಮ ಕಂಪನಿಯನ್ನು ಸಿಬಿಎಸ್‌ಗೆ ಮಾರಿದ್ದ ಲಿಯೋ ಫೆಂಡರ್ ಅವರೇ ಇದರ ಹಿಂದೆಯೂ ಇದ್ದರು. ದೊಡ್ಡ ಅಯಸ್ಕಾಂತಗಳ ಒಂದು ಹಂಬಕರ್, 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್. ಪಿಕಪ್ಪಿನ ಸುರುಳಿಗಳನ್ನು ಸರಣಿಯಲ್ಲಿ ಜೋಡಿಸದೆ ಸಮಾಂತರವಾಗಿ ಜೋಡಿಸಿದ್ದರಿಂದ ತಾರದ ಮಿನುಗು ಉಳಿಯಿತು. ಶೀಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ಡಿಸ್ಕೋ ಹಾಡುಗಳಲ್ಲಿ ಇದನ್ನು ನುಡಿಸಿದರು.

ಹಳೆಯದರ ಮರುತಯಾರಿ

ಸಿಬಿಎಸ್ ಕಾಲದ ವಾದ್ಯಗಳ ಗುಣಮಟ್ಟ ಇಳಿದಿದೆ ಎಂಬ ದೂರು ಹಬ್ಬಿದಂತೆ 1965ಕ್ಕಿಂತ ಹಿಂದಿನ ಫೆಂಡರ್‌ಗಳಿಗೆ ಬೇಡಿಕೆ ಏರಿತು. ಡಿಮಾರ್ಜಿಯೋ, ಸೀಮೋರ್ ಡಂಕನ್ ಕಂಪನಿಗಳು 1970ರ ದಶಕದಲ್ಲಿ ಬದಲಿ ಪಿಕಪ್‌ಗಳ ವ್ಯಾಪಾರ ಶುರುಮಾಡಿದವು. 1982ರಲ್ಲಿ ಫೆಂಡರ್ ತಾನೇ 1957 ಮತ್ತು 1962ರ ಪ್ರಿಸಿಷನ್, 1962ರ ಜಾಝ್ ಬೇಸ್‌ಗಳ ನಕಲು ತಯಾರಿಸತೊಡಗಿತು. ಅದೇ ವರ್ಷ ಫೆಂಡರ್ ಜಪಾನ್ ಕೂಡ ಆರಂಭವಾಯಿತು.

ಹಳೆಯ ಪಿಕಪ್‌ಗಳನ್ನು ಸುತ್ತಿದವರಲ್ಲಿ ಹೆಸರು ಉಳಿದದ್ದು ಅಬಿಗೈಲ್ ಇಬಾರಾ ಅವರದು. 1956ರಲ್ಲಿ ಫುಲರ್ಟನ್ ಕಾರ್ಖಾನೆ ಸೇರಿದ ಅವರು 2013ರಲ್ಲಿ ನಿವೃತ್ತರಾದರು. ಕೈಯಿಂದ ತಂತಿ ನಡೆಸುವಾಗ ಸುತ್ತುಗಳು ಅಚ್ಚುಕಟ್ಟಾಗಿ ಒಂದರ ಮೇಲೊಂದು ಕೂರುವುದಿಲ್ಲ. ಆ ಚದುರಿದ ಸುತ್ತಿನಿಂದ ಸುರುಳಿಯ ವಿದ್ಯುತ್ ಗುಣ ತುಸು ಬದಲಾಗುತ್ತದೆ, ಎರಡು ಪಿಕಪ್‌ಗಳು ತದ್ರೂಪವಾಗುವುದಿಲ್ಲ. ಯಂತ್ರ ಅಳಿಸಿದ್ದ ಈ ಹೆಚ್ಚುಕಡಿಮೆಯೇ ಈಗ ದುಬಾರಿ ಮರುತಯಾರಿಗಳ ಮಾರಾಟದ ಮಾತು.

ಕನ್ನಡ ಚಿತ್ರಸಂಗೀತ

ಕನ್ನಡ ಕೇಳುಗರಿಗೆ ಬೇಸ್ ಗಿಟಾರ್ ಪ್ರತ್ಯೇಕವಾಗಿ ಕಿವಿಗೆ ಬಿದ್ದದ್ದು ಮುಖ್ಯವಾಗಿ ಇಳಯರಾಜಾ ಅವರ ಹಾಡುಗಳಲ್ಲಿ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಲ್ಲಿ ಬೇಸ್ ತಾಳಕ್ಕೆ ಒತ್ತು ಕೊಟ್ಟು ಸುಮ್ಮನಾಗದೆ, ಹಾಡಿನ ಕೆಳಗೆ ತನ್ನದೇ ಮಟ್ಟು ಹೆಣೆಯುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಪಲ್ಲವಿ ಮುಗಿದು ಚರಣಕ್ಕೆ ತಿರುಗುವ ಕಡೆ ಅದರ ಓಡಾಟ ಸ್ಪಷ್ಟ.

ಇಂದಿನ ಸ್ಥಿತಿ

ಈಗ ಮಾರುಕಟ್ಟೆಯಲ್ಲಿರುವ ಬೇಸ್‌ಗಳಲ್ಲಿ ಬಹುಪಾಲಿನ ಪಿಕಪ್ ವಿನ್ಯಾಸ 1957, 1960 ಅಥವಾ 1976ರ ಮಾದರಿಯ ಸಂತತಿ. ನಡುವೆ ಪ್ರಿಸಿಷನ್‌ನ ಹೋಳು ಪಿಕಪ್, ಬ್ರಿಡ್ಜಿನಲ್ಲಿ ಜಾಝ್ ಪಿಕಪ್ ಇರುವ ‘ಪಿಜೆ’ ಜೋಡಣೆ ಎರಡರ ಗುಣವನ್ನೂ ಒಂದೇ ವಾದ್ಯದಲ್ಲಿ ಬಯಸುವವರಿಗೆ. ಅದರಲ್ಲೂ ಎರಡನ್ನೂ ಪೂರ್ತಿ ತೆರೆದರೆ ಪ್ರಿಸಿಷನ್‌ನ ಮಧ್ಯದ ಉಬ್ಬು ಸ್ವಲ್ಪ ಕುಗ್ಗುತ್ತದೆ. ಜಾಝ್ ಪಿಕಪ್ ಒಂಟಿ ಸುರುಳಿಯದಾದರೆ ಗುಂಯ್‌ಗಾಟವೂ ಹಿಂದಿರುಗುತ್ತದೆ. ಇದನ್ನು ತಪ್ಪಿಸಲು ಎರಡು ಸುರುಳಿಗಳನ್ನು ಒಂದರ ಮೇಲೊಂದು ಅಥವಾ ಸಾಲಾಗಿ ಅಡಗಿಸಿದ, ಹೊರನೋಟಕ್ಕೆ ಹಳೆಯ ಜಾಝ್ ಪಿಕಪ್ಪಿನಂತೆಯೇ ಕಾಣುವ ಬದಲಿಗಳು ಸಿಗುತ್ತವೆ. ನಾದದಲ್ಲಿ ಅವು ಒಂಟಿ ಸುರುಳಿಗೆ ಪೂರ್ತಿ ಸಮವಲ್ಲವೆಂದು ಹಲವು ವಾದಕರು ಹಳೆಯದನ್ನೇ ಉಳಿಸಿಕೊಂಡಿದ್ದಾರೆ.