ಹೊರಾಂಗಣ ವಿಹಾರದ ಕಟ್ಟಳೆಗಳು: ಹೊಸೂರು–ಕೃಷ್ಣಗಿರಿ ಸೀಮೆ

ಬೆಟ್ಟ ಹತ್ತುವಾಗ, ಕಾಡು ಸುತ್ತುವಾಗ ಯಾವುದು ಸರಿ, ಯಾವುದು ಸಲ್ಲದು ಎಂಬುದು ಊರಿಂದೂರಿಗೆ ಬೇರೆ. ತಮಿಳುನಾಡಿನ ಗಡಿಯ ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ (2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆ) ಇಂಥ ಕಟ್ಟಳೆಗಳು ಒಂದರ ಮೇಲೊಂದು ಬಂದು ಕೂತಿವೆ. ಹಳೆಯದು ಯಾವುದೂ ಪೂರ್ತಿ ಅಳಿದಿಲ್ಲ.

ಎಲ್ಲಕ್ಕಿಂತ ಹಳೆಯದು ಯಾತ್ರಿಕರದು. ಹೊಸೂರಿನ ಜನ ಚಂದ್ರಚೂಡೇಶ್ವರನ ಬೆಟ್ಟ ಹತ್ತುವುದು ದರ್ಶನಕ್ಕೆ. ಕೃಷ್ಣಗಿರಿಯ ಕೋಟೆ ಬೆಟ್ಟದ ಮೇಲೆ ದರ್ಗಾ ಇದೆ. ಇಲ್ಲಿ ಶಿಖರ ಗೆಲ್ಲುವ ಮಾತಿಲ್ಲ. ಜಪಾನಿನ ಫುಜಿ ಪರ್ವತವೂ ಇಂಥದೇ, ಆದರೆ 1872ರವರೆಗೆ ಹೆಂಗಸರು ಅದರ ಶಿಖರಕ್ಕೆ ಹೋಗುವಂತಿರಲಿಲ್ಲ. ಪವಿತ್ರ ಎಂದ ಮಾತ್ರಕ್ಕೆ ಎಲ್ಲರಿಗೂ ತೆರೆದಿರುತ್ತದೆ ಎಂದಲ್ಲ. ಆಸ್ಟ್ರೇಲಿಯಾದ ಉಲುರು ಬಂಡೆಯನ್ನು ಅಲ್ಲಿನ ಮೂಲನಿವಾಸಿಗಳ ಕೋರಿಕೆಯಂತೆ 2019ರಲ್ಲಿ ಹತ್ತುವವರಿಗೆ ಮುಚ್ಚಲಾಯಿತು.

ಯಾತ್ರಿಕರ ಕಟ್ಟಳೆಯ ಮೇಲೆ ಬಂದು ಕೂತದ್ದು ಸರ್ಕಾರದ್ದು. 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಬಾರಾಮಹಲ್ (ಕೃಷ್ಣಗಿರಿ ಕಡೆಯ ಸೀಮೆ), 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಹೊಸೂರು ಕಡೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಕಾಡಿನ ಮಟ್ಟಿಗೆ ದೊಡ್ಡ ತಿರುವು 1882ರ ಮದ್ರಾಸ್ ಅರಣ್ಯ ಕಾಯಿದೆ: ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಕಾಲಿಡುವುದೇ ಅಪರಾಧವಾಯಿತು. ನಾರ್ವೆ 1957ರಲ್ಲಿ ಇದಕ್ಕೆ ನೇರ ವಿರುದ್ಧವಾದ ಕಾನೂನು ಮಾಡಿತು. ಬೇಸಾಯವಿಲ್ಲದ ನೆಲದಲ್ಲಿ, ಅದು ಯಾರದೇ ಆಗಿರಲಿ, ಯಾರೂ ನಡೆಯಬಹುದು. ಸ್ಕಾಟ್ಲೆಂಡ್ 2003ರಲ್ಲಿ ಆ ಹಾದಿ ಹಿಡಿಯಿತು. ಅಲ್ಲಿ ಹಕ್ಕು ಮೊದಲು, ನಿರ್ಬಂಧ ಆಮೇಲೆ, ಇಲ್ಲಿ ತಿರುವುಮುರುವು.

ಅಪ್ಪಣೆ ಸಿಕ್ಕವರಲ್ಲಿ ಶಿಕಾರಿಗಳೇ ಮುಂದು. ಬೆಂಗಳೂರಿನ ಕೆನೆತ್ ಆಂಡರ್‌ಸನ್ (1910–1974) ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಯ ಕಾಡುಗಳನ್ನು ತನ್ನ ಕತೆಗಳಿಂದ ಜಗತ್ತಿಗೆ ಪರಿಚಯಿಸಿದ; ಕನ್ನಡಿಗರಿಗೆ ಅವನನ್ನು ಹತ್ತಿರ ತಂದದ್ದು ಲೇಖಕ ತೇಜಸ್ವಿಯವರ ಭಾವಾನುವಾದ 'ಕಾಡಿನ ಕತೆಗಳು'. ಆಂಡರ್‌ಸನ್‌ನ ಬರಹಗಳಲ್ಲಿ ಬೇಟೆಗೊಂದು ನೀತಿಯಿದೆ: ನರಭಕ್ಷಕನನ್ನೋ ಸರ್ಕಾರ ಪುಂಡನೆಂದು ಸಾರಿದ ಆನೆಯನ್ನೋ ಮಾತ್ರ ಹೊಡೆಯಬೇಕು, ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಟ್ಟು ಬರಬಾರದು. ಹುಲಿ ಬರಲೆಂದು ಜೀವಂತ ಎಮ್ಮೆಗರುವನ್ನು ಕಟ್ಟಿಹಾಕುವುದು ಮಾತ್ರ ಈ ನೀತಿಗೆ ಅಡ್ಡಬಂದಂತೆ ಕಾಣದು. ಜರ್ಮನಿಯ ಬೇಟೆಗಾರರು ಸತ್ತ ಜಿಂಕೆಯ ಬಾಯಿಗೆ ಕೊನೆಯ ತುತ್ತೆಂದು ಎಳೆಕೊಂಬೆ ಇಡುತ್ತಾರೆ. ಗೌರವ ಸಲ್ಲಿಸುವ ರೀತಿ ಬೇರೆಬೇರೆ, ಗುಂಡು ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಅಧ್ಯಾಯ ಮುಗಿಸಿತು.

ಮುಂದೆ ಈ ಸೀಮೆಯಲ್ಲಿ ಕಾವೇರಿ ಉತ್ತರ (2014, ಸುಮಾರು 504 ಚದರ ಕಿ.ಮೀ.), ಕಾವೇರಿ ದಕ್ಷಿಣ (2022, 686 ಚದರ ಕಿ.ಮೀ.) ವನ್ಯಧಾಮಗಳಾದವು. ಕಾಡಿನಲ್ಲಿ ನಡೆಯುವ ಹೊರನಾಡಿನ ನೀತಿಗಳು ಇಲ್ಲಿಗೆ ಹೊಂದದಿರುವುದು ಸದ್ದಿನ ವಿಷಯದಲ್ಲಿ ಚೆನ್ನಾಗಿ ತಿಳಿಯುತ್ತದೆ. ಯುರೋಪಿನಲ್ಲಿ ಮೌನ ಸಹಚಾರಣಿಗರಿಗೆ ತೋರುವ ಮರ್ಯಾದೆ. ಉತ್ತರ ಅಮೆರಿಕದ ಕರಡಿ ಕಾಡಿನಲ್ಲಿ ಮಾತಾಡುತ್ತ ನಡೆ ಎನ್ನುತ್ತಾರೆ. ಇಲ್ಲಾದರೋ ಮಳೆಗಾಲ ಕಳೆದು ರಾಗಿ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದಿಂದ ತಳಿ, ಜವಳಗಿರಿಯ ಮೂಲಕ ಆನೆ ಹಿಂಡುಗಳು ಬರುತ್ತವೆ. ಆಗ ಹೊಲದ ಅಂಚಿನ ರೈತ ಪಟಾಕಿ ಹೊಡೆದು ಕೂಗುತ್ತಾನೆ. ಹಾಗೆ ಬೆದರಿದ ಹಿಂಡಿನ ದಾರಿಯಲ್ಲಿ ಪ್ರವಾಸಿ ಸುಮ್ಮನಿದ್ದರೂ ಅಪಾಯ, ಗದ್ದಲ ಮಾಡಿದರೂ ಅಪಾಯ. ಅವನು ಅಲ್ಲಿ ಇರದಿರುವುದೇ ಲೇಸು.

2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ 20ಕ್ಕೂ ಹೆಚ್ಚು ಚಾರಣಿಗರು ಬಲಿಯಾದ ಮೇಲೆ ರಾಜ್ಯ ಚಾರಣ ನಿಯಮಗಳನ್ನು ತಂದಿತು. 2024ರ ಅಕ್ಟೋಬರ್‌ನಲ್ಲಿ ಸರ್ಕಾರವೇ ಆರಂಭಿಸಿದ 40 ಚಾರಣಹಾದಿಗಳಲ್ಲಿ ಈ ಜಿಲ್ಲೆಯ ಗುತ್ತಿರಾಯನ್ ಶಿಖರ, ಅಯ್ಯೂರಿನ ಸಾಮಿಕೆರೆ ಸೇರಿವೆ: ಆನ್‌ಲೈನ್ ಬುಕಿಂಗ್, ಶುಲ್ಕ, ಜೊತೆಗೆ ಸ್ಥಳೀಯ ಗೈಡು. ಆದರೆ ವನ್ಯಧಾಮಗಳಲ್ಲಿ ದನ ಮೇಯಿಸುವುದನ್ನು ಮದ್ರಾಸ್ ಹೈಕೋರ್ಟ್ 2022ರಲ್ಲೇ ನಿಷೇಧಿಸಿದೆ. ಕಾಡಂಚಿನ ಹಳ್ಳಿಯ ದನಗಾಹಿಗಾಗಿ ಇಂಥ ಬುಕಿಂಗ್ ವ್ಯವಸ್ಥೆಯೇನೂ ಬಂದಿಲ್ಲ.