ಪೀಠ ಒಂದೇ, ನಡುವೆ ಗೋಡೆ

ಕಳೆದ ವಾರ ನಾನು ಕೆಲಸ ಮಾಡೋ ಆಫೀಸಿಗೆ ಒಬ್ಬ ಹುಡುಗ ಜಾತಿ ಪ್ರಮಾಣಪತ್ರ ಕೇಳ್ಕೊಂಡು ಬಂದಿದ್ದ. ಅಜ್ಜನ ಕಾಲದಲ್ಲೇ ಚರ್ಚಿಗೆ ಸೇರಿದ ಕುಟುಂಬ. ಮನೆ ಮಾತ್ರ ಇವತ್ತಿಗೂ ಕೇರಿಯಲ್ಲೇ ಇದೆ. “ಕ್ರಿಶ್ಚಿಯನ್ ಆದ್ಮೇಲೆ ಇನ್ನೆಂಥ ಎಸ್‌ಸಿ? ಅವರಲ್ಲಿ ಜಾತಿ ಎಲ್ಲಿದೆ?” ಅಂತ ಪಕ್ಕದ ಟೇಬಲಿನವರು ನಕ್ಕರು. ಅರ್ಜಿ ವಾಪಸ್ ಹೋಯ್ತು. ನಾನು ಗುಮಾಸ್ತ, ಕಾನೂನು ಮೀರೋ ಹಾಗಿಲ್ಲ. ಆದರೆ ಆ ನಗುವಿಗೆ ಉತ್ತರ ಕೊಡಬೇಕು ಅನ್ನಿಸ್ತು. ಅದಕ್ಕೇ ಒಂದು ಚರ್ಚಿನ ಇತಿಹಾಸ ಹೇಳ್ತೀನಿ, ಓದಿ.

ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ವಡಕ್ಕನ್‌ಕುಳಂ ಅಂತ ಒಂದು ಊರಿದೆ. 1680ರಲ್ಲಿ ಅಲ್ಲಿ ಒಬ್ಬ ನಾಡಾರ್ ಹೆಣ್ಣುಮಗಳು ಕ್ರೈಸ್ತಳಾದಳು. ಅಲ್ಲಿನ ಸಭೆ ಶುರುವಾಗಿದ್ದು ಅವಳಿಂದ. 1685ರಲ್ಲಿ ಚರ್ಚು ಎದ್ದಿತು. 1701ರಲ್ಲಿ ಜೆಸುಯಿಟ್ ಪಾದ್ರಿಗಳ ಮಿಷನ್ ಅಲ್ಲಿ ಕಾಯಂ ಆಯಿತು. ನಾಡಾರರು ಅಂದರೆ ಆಗ ತಾಳೆಮರ ಹತ್ತಿ ನೀರಾ ಇಳಿಸುತ್ತಿದ್ದ ಜನ. ದೇವಸ್ಥಾನದ ಒಳಗೆ ಅವರಿಗೆ ಪ್ರವೇಶ ಇರಲಿಲ್ಲ. ಇಲ್ಲಿಯ ದೇವರು ಬಾಗಿಲು ತೆಗೆದ ಅಂತ ಅವರು ನಂಬಿ ಬಂದರು.

ಅದೇ ಚರ್ಚಿಗೆ ಪಿಳ್ಳೈಗಳು, ಮೊದಲಿಯಾರರೂ ಸೇರಿದರು. ಬರುವಾಗ ಜಾತಿಯನ್ನು ಹೊಸಿಲಾಚೆ ಬಿಟ್ಟು ಬರಲಿಲ್ಲ. 1872ರಲ್ಲಿ ಕಟ್ಟಿದ ಚರ್ಚು ನೋಡಿ: ಒಂದೇ ಪೀಠ, ಅದರ ಮುಂದೆ ಪ್ಯಾಂಟಿನ ಕಾಲುಗಳ ಹಾಗೆ ಕವಲೊಡೆದ ಎರಡು ಅಂಕಣ. ಒಂದು ಮೇಲ್ಜಾತಿಗೆ, ಇನ್ನೊಂದು ನಾಡಾರರಿಗೆ. ನಡುವೆ ಗೋಡೆ. ಪೂಜೆ ಮಾಡೋ ಪಾದ್ರಿ ಇಬ್ಬರಿಗೂ ಕಾಣ್ತಾನೆ, ಅವರು ಮಾತ್ರ ಒಬ್ಬರಿಗೊಬ್ಬರು ಕಾಣಲ್ಲ. ಸಭೆ ಶುರುಮಾಡಿದವಳ ಜನಕ್ಕೇ ಬೇರೆ ಕಾಲು!

1910ರಲ್ಲಿ ಫಾದರ್ ಕೋಸನೆಲ್ ಆ ಗೋಡೆ ಒಡೆಸಿದರು. ಮೇಲ್ಜಾತಿಯವರು ಸುಮ್ಮನಿರಲಿಲ್ಲ, ಗೋಡೆ ನಮ್ಮ ಹಕ್ಕು ಅಂತ ಮದ್ರಾಸ್ ಹೈಕೋರ್ಟ್‌ವರೆಗೂ ಹೋದರು. ಸೋತರು. ಕ್ರೈಸ್ತನಾದ ಮೇಲೆ ಚರ್ಚಿನೊಳಗೆ ಜಾತಿಯ ಹೆಸರಲ್ಲಿ ಹಕ್ಕು ಕೇಳುವಂತಿಲ್ಲ ಅನ್ನೋದು ತೀರ್ಪಿನ ಸಾರ. ಇದರ ಬೆಲೆ ಗೊತ್ತಾಗಬೇಕಾದರೆ ಇನ್ನೊಂದು ವಿಷಯ ಕೇಳಿ: 1908ರಲ್ಲಷ್ಟೇ ಲಂಡನ್ನಿನ ಪ್ರಿವಿ ಕೌನ್ಸಿಲ್, ಕಮುದಿಯ ದೇವಸ್ಥಾನದೊಳಗೆ ಹೋಗೋ ಹಕ್ಕು ನಾಡಾರರಿಗೆ ಇಲ್ಲ ಅಂದಿತ್ತು.

ಈಗ ನಮ್ಮ ಹುಡುಗನ ಅರ್ಜಿಗೆ ಬರೋಣ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳು ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಇನ್ನೂ ಹೊರಗೇ ಇದ್ದಾರೆ. “ಕ್ರೈಸ್ತರಲ್ಲಿ ಜಾತಿ ಇಲ್ಲ” ಅನ್ನೋ ಮಾತು ಅಂದು ಮೇಲ್ಜಾತಿಯ ಗೋಡೆ ಉಳಿಸಲಿಲ್ಲ. ಇಂದು ಅದೇ ಮಾತು ಕೇರಿಯ ಹುಡುಗನ ಮುಂದೆ ಗೋಡೆಯಾಗಿ ನಿಂತಿದೆ.

1745ರಲ್ಲಿ ಇದೇ ವಡಕ್ಕನ್‌ಕುಳಂನಲ್ಲಿ ದೀಕ್ಷಾಸ್ನಾನ ಪಡೆದ ದೇವಸಹಾಯಂ 2022ರಲ್ಲಿ ಸಂತರಾದರು. ಅದಕ್ಕೂ ಮೊದಲೇ ವ್ಯಾಟಿಕನ್ ಅವರ ಹೆಸರಿನ ‘ಪಿಳ್ಳೈ’ ತೆಗೆದುಹಾಕಿತು. ಒಳ್ಳೇದೇ ಆಯ್ತು. ಆದರೆ ಸಂತರ ಹೆಸರಿಂದ ಜಾತಿ ಅಳಿಸಿದಷ್ಟು ಸುಲಭವಾಗಿ ಕೇರಿಯ ವಿಳಾಸ ಅಳಿಸಲ್ಲ ಗೆಳೆಯರೇ. ನಕ್ಕವರು ಒಮ್ಮೆ ಆ ಹುಡುಗನ ಬೀದಿಗೆ ಹೋಗಿ, ಅವನ ಮನೇಲಿ ಒಂದು ಲೋಟ ನೀರು ಕುಡಿದು ಬರಲಿ. ಆಮೇಲೆ ಜಾತಿ ಇಲ್ಲ ಅನ್ನಲಿ.

ಜೈ ಭೀಮ್.